ಡಾಲ್ಫಿನ್ ಮನೆಗೆ ಯಾವಾಗ ಹೋಗುತ್ತದೆ?

ಮಕ್ಕಳೇ, ಈ ವಾರ ನಿಮ್ಮೆದುರು ನಾನೊಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತಾರು ವರ್ಷ ಬಂಟ್ವಾಳ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಮಾಸ್ಟ್ರಾಗಿದ್ದವನು ನಾನು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಸುಳ್ಳು ಮಾತ್ರ ಹೇಳಬೇಡಿ" ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ ನನ್ನ ಪುಳ್ಳಿಗೆ ಸುಳ್ಳು ಹೇಳಿದೆ. ಒಂದಲ್ಲ, ಎರಡು. ಅದೂ ಒಂದು ಡಾಲ್ಫಿನ್ ವಿಷಯದಲ್ಲಿ.

ನಮ್ಮ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ನನ್ನ ಮಗನೂ ದುಬೈಯಲ್ಲಿದ್ದಾನೆ. ಕಳೆದ ವರ್ಷ ಏಪ್ರಿಲ್ ರಜೆಗೆ "ಅಪ್ಪ, ಅಮ್ಮ, ಈ ಸಲ ನೀವು ಬರಲೇಬೇಕು" ಎಂದು ಟಿಕೆಟ್ ಕಳಿಸಿದ. ಮೂಡುಬಿದಿರೆಯಲ್ಲಿರುವ ಮಗಳ ಮಗಳು ಪುಟ್ಟಿಯೂ ನಮ್ಮ ಜೊತೆ ಹೊರಟಳು. ಮೂರನೇ ಕ್ಲಾಸಿನ ಹುಡುಗಿ. ಬಾಯಿ ತೆರೆದರೆ ಪ್ರಶ್ನೆ.

ಒಂದು ಸಂಜೆ ಮಗ ನಮ್ಮನ್ನು ಡಾಲ್ಫಿನ್ ಆಟ ನೋಡಲು ಕರೆದುಕೊಂಡು ಹೋದ. ತಂಪಾದ ದೊಡ್ಡ ಸಭಾಂಗಣ, ನಡುವೆ ನೀಲಿ ನೀರಿನ ಕೊಳ, ಕಿವಿ ತುಂಬುವ ಹಾಡು. ತರಬೇತುದಾರರು ಪೀಪಿ ಊದಿದರೆ ಸಾಕು, ಡಾಲ್ಫಿನ್‌ಗಳು ನೀರಿನಿಂದ ಚಿಮ್ಮಿ ಬಳೆಯೊಳಗಿಂದ ಹಾರುತ್ತಿದ್ದವು. ಮೂತಿಯ ಮೇಲೆ ಚೆಂಡು ನಿಲ್ಲಿಸಿದವು, ಬಾಲದ ಮೇಲೆ ಎದ್ದು ಹಿಂದಕ್ಕೆ ನಡೆದವು. ಒಂದೊಂದು ಆಟ ಮುಗಿದಾಗಲೂ ಬಾಯಿಗೊಂದು ಮೀನು. ಮಕ್ಕಳೆಲ್ಲ ಕೂಗುತ್ತಿದ್ದರು. ನಾನೂ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ. ಅಷ್ಟು ಹತ್ತಿರದಿಂದ ಅಷ್ಟು ಚಂದದ ಪ್ರಾಣಿಯನ್ನು ಎಪ್ಪತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ.

ಆಟ ಮುಗಿದು ದೀಪ ಹೊತ್ತಿಕೊಂಡಿತು. ಜನ ಏಳತೊಡಗಿದರು. ಪುಟ್ಟಿ ಮಾತ್ರ ಕೊಳವನ್ನೇ ನೋಡುತ್ತಿದ್ದಳು.

"ಅಜ್ಜಾ, ಇದು ಮನೆಗೆ ಯಾವಾಗ ಹೋಗುತ್ತದೆ?"

"ಇದೇ ಅದರ ಮನೆ, ಮಗಾ" ಎಂದೆ.

"ಹಾಗಾದರೆ ಅದರ ಅಮ್ಮ ಎಲ್ಲಿ?"

"ಒಳಗೆ ಇರಬಹುದು. ಅಡುಗೆ ಮಾಡುತ್ತಿರಬಹುದು."

ಪುಟ್ಟಿ ನಗಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾದಳು. ಶಾಲೆಯಲ್ಲಿ ಅಂಥ ನೋಟವನ್ನು ನಾನು ನೋಡಿದ್ದೇನೆ. ಮಾಸ್ಟ್ರಿಗೆ ಉತ್ತರ ಗೊತ್ತಿಲ್ಲ ಎಂದು ಮಕ್ಕಳಿಗೆ ತಿಳಿದುಹೋದಾಗಿನ ನೋಟ ಅದು.

ರಾತ್ರಿ ಊಟದ ಹೊತ್ತಿಗೆ ಮಗನಲ್ಲಿ ಈ ಮಾತು ತೆಗೆದೆ. ಅವನು ಹೇಳಿದ್ದರಲ್ಲೂ ಅರ್ಥವಿತ್ತು. "ಅಪ್ಪ, ಕಣ್ಣಾರೆ ನೋಡದಿದ್ದರೆ ಮಕ್ಕಳಿಗೆ ಆ ಪ್ರಾಣಿಯ ಮೇಲೆ ಪ್ರೀತಿ ಬರುವುದು ಹೇಗೆ? ಕಡಲಿಗೆ ಹೋಗಿ ನೋಡಲು ಎಷ್ಟು ಜನರಿಂದ ಸಾಧ್ಯ? ಹೊತ್ತು ಹೊತ್ತಿಗೆ ಊಟವಿದೆ, ಡಾಕ್ಟರ್ ಇದ್ದಾರೆ, ತಿಮಿಂಗಿಲದ ಭಯವಿಲ್ಲ, ಬಲೆಯ ಭಯವಿಲ್ಲ." ಆಗ ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ಪುಸ್ತಕ ಹಿಡಿದು ಕೂತೆ. ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ.

ಡಾಲ್ಫಿನ್ ಮೀನಲ್ಲ. ನಮ್ಮ ಹಾಗೆ, ಹಟ್ಟಿಯ ದನದ ಹಾಗೆ ಅದು ಸಸ್ತನಿ. ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ. ನೆತ್ತಿಯ ಮೇಲಿರುವ ಒಂದು ತೂತಿನಿಂದ ಉಸಿರಾಡುತ್ತದೆ. ಆದ್ದರಿಂದ ಆಗಾಗ ಮೇಲೆ ಬರಲೇಬೇಕು. ನಿದ್ರೆಯಲ್ಲೂ ಉಸಿರು ತಪ್ಪುವಂತಿಲ್ಲ. ಅದಕ್ಕೇ ಅದರ ಮಿದುಳಿನ ಅರ್ಧ ಭಾಗ ಮಲಗಿದರೆ ಇನ್ನರ್ಧ ಎಚ್ಚರವಾಗಿರುತ್ತದೆ. ಆಟದಲ್ಲಿ ನಾವು ಹೆಚ್ಚಾಗಿ ನೋಡುವ ಬಾಟಲ್‌ನೋಸ್ ಜಾತಿಯಲ್ಲಿ ಒಂದೊಂದು ಡಾಲ್ಫಿನ್‌ಗೂ ತನ್ನದೇ ಆದ ಒಂದು ಸಿಳ್ಳೆ ಇರುತ್ತದೆ. ನಮಗೆ ಹೆಸರಿದ್ದ ಹಾಗೆ. ಬೇರೆಯವು ಆ ಸಿಳ್ಳೆ ಹಾಕಿದರೆ ಅದು ಓಗೊಡುತ್ತದೆ. ಮರಿ ಮೂರು ನಾಲ್ಕು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ತಾಯಿಯ ಪಕ್ಕ ಬಿಡುವುದಿಲ್ಲ. ಕಡಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ತಿರುಗುತ್ತದೆ. ಅದರ ತುಟಿಯಲ್ಲಿ ಸದಾ ನಗು ಕಾಣುತ್ತದಲ್ಲ, ಅದು ದವಡೆಯ ಆಕಾರ ಅಷ್ಟೆ. ಅಳು ಬಂದರೂ ಅದರ ಮುಖ ಹಾಗೆಯೇ ಇರುತ್ತದೆ.

ಡಾಲ್ಫಿನ್ ಇಟ್ಟು ಜನರಿಗೆ ತೋರಿಸುವ ದೊಡ್ಡ ಕೊಳ 1938ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ತೆರೆಯಿತು. 1964ರಲ್ಲಿ ಅಲ್ಲಿನ ಟಿ.ವಿ.ಯಲ್ಲಿ ‘ಫ್ಲಿಪ್ಪರ್’ ಎಂಬ ಧಾರಾವಾಹಿ ಬಂತು. ಅದರ ನಾಯಕ ಒಂದು ಡಾಲ್ಫಿನ್. ಮಕ್ಕಳು ಮರುಳಾದರು. ಆ ಪಾತ್ರ ಮಾಡಿದ ಡಾಲ್ಫಿನ್‌ಗಳಿಗೆ ಆಟ ಕಲಿಸಿದವರು ರಿಕ್ ಒಬ್ಯಾರಿ. 1970ರಲ್ಲಿ ಅವುಗಳಲ್ಲೊಂದು ಅವರ ಕೈಯಲ್ಲೇ ಸತ್ತಿತು. ಅಂದಿನಿಂದ ಅವರು ಆಟ ಕಲಿಸುವುದನ್ನು ಬಿಟ್ಟು, ಕೊಳದ ಡಾಲ್ಫಿನ್‌ಗಳ ಬಿಡುಗಡೆಗಾಗಿ ದುಡಿಯತೊಡಗಿದರು. ಕಲಿಸಿದವರೇ ಕಲಿತ ಕಥೆ ಇದು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕೊಳದ ಡಾಲ್ಫಿನ್‌ಗಳಿಂದ ಮನುಷ್ಯ ತಿಳಿದುಕೊಂಡದ್ದೂ ಬಹಳವಿದೆ. 1960ರ ಸುಮಾರಿಗೆ ಅಮೆರಿಕದ ವಿಜ್ಞಾನಿ ಕೆನೆತ್ ನಾರಿಸ್ ಒಂದು ಡಾಲ್ಫಿನ್‌ನ ಕಣ್ಣಿಗೆ ರಬ್ಬರಿನ ಮುಚ್ಚಳ ಹಾಕಿ ಕೊಳದಲ್ಲಿ ಬಿಟ್ಟರು. ಅದು ಎಲ್ಲಿಯೂ ಡಿಕ್ಕಿ ಹೊಡೆಯದೆ ಈಜಿತು, ಮೀನನ್ನೂ ಹುಡುಕಿತು. ಬಾವಲಿಯ ಹಾಗೆ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ತಿಳಿಯುತ್ತದೆಂದು ಹೀಗೆ ಗೊತ್ತಾಯಿತು. ಆದರೆ ಇಷ್ಟು ಬುದ್ಧಿಯ ಪ್ರಾಣಿ ಎಂದು ಗೊತ್ತಾದ ಮೇಲೂ ಅದನ್ನು ಚೆಂಡಾಟಕ್ಕೆ ಇಟ್ಟುಕೊಳ್ಳಬಹುದೇ? ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮ ದೇಶದಲ್ಲೂ ಒಮ್ಮೆ ಪ್ರಯತ್ನ ನಡೆದಿತ್ತು. 1990ರ ದಶಕದ ಕೊನೆಗೆ ಚೆನ್ನೈ ಹತ್ತಿರದ ಒಂದು ಮನರಂಜನಾ ತಾಣಕ್ಕೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳನ್ನು ತಂದರು. ಕೆಲವೇ ತಿಂಗಳಲ್ಲಿ ಅವು ಸತ್ತುಹೋದವು. ಮುಂದೆ ಬೇರೆ ಕಡೆಗಳಲ್ಲೂ ಇಂಥ ಕೊಳ ಕಟ್ಟುವ ಯೋಚನೆ ಎದ್ದಾಗ, 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಡಾಲ್ಫಿನ್‌ಗಳು ಬುದ್ಧಿಯೂ ಸೂಕ್ಷ್ಮ ಮನಸ್ಸೂ ಉಳ್ಳವು, ಕೂಡಿಹಾಕಿದರೆ ಅವಕ್ಕೆ ಸಂಕಟವಾಗುತ್ತದೆ, ಆದ್ದರಿಂದ ಭಾರತದಲ್ಲಿ ಡಾಲ್ಫಿನ್ ಆಟದ ಕೊಳಗಳಿಗೆ ಅನುಮತಿ ಇಲ್ಲ ಎಂದು ಅದರ ಸಾರ. ಅದಕ್ಕೂ ನಾಲ್ಕು ವರ್ಷ ಮೊದಲು, 2009ರಲ್ಲಿ, ಗಂಗಾ ನದಿಯ ಡಾಲ್ಫಿನ್ ನಮ್ಮ ರಾಷ್ಟ್ರೀಯ ಜಲಚರವಾಗಿತ್ತು. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಬರೆದಿಟ್ಟುಕೊಳ್ಳಿ.

ಸರಿ, ಕೊಳ ಬೇಡವೆಂದಾಯಿತು. ಆದರೆ ಮಗನ ಪ್ರಶ್ನೆ ಹಾಗೇ ಉಳಿಯಿತಲ್ಲ? ನೋಡದೆ ಪ್ರೀತಿ ಹೇಗೆ ಬರುತ್ತದೆ?

ಅರ್ಧ ಉತ್ತರ ಪುಟ್ಟಿಯ ಊರಿನಲ್ಲೇ ಸಿಕ್ಕಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೀವು ನೋಡಿರಬಹುದು. 15ನೇ ಶತಮಾನದ್ದು. ಅಲ್ಲಿನ ಜಗಲಿಯ ಕಲ್ಲಿನಲ್ಲಿ ಒಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಕೂಡ ಇದೆ. ಜಿರಾಫೆ ಆಫ್ರಿಕಾದ ಪ್ರಾಣಿ. ಡ್ರ್ಯಾಗನ್ ಅಂತೂ ಕಥೆಯಲ್ಲಿ ಮಾತ್ರ ಇರುವುದು. ಕಡಲ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ದೂರದ ಸುದ್ದಿಗಳು ನಮ್ಮೂರಿಗೂ ಬಂದು ತಲುಪುತ್ತಿದ್ದವು. ಯಾರೂ ಮೂಡುಬಿದಿರೆಗೆ ಜಿರಾಫೆಯನ್ನು ಎಳೆದು ತಂದು ಕಟ್ಟಬೇಕಾಗಿ ಬರಲಿಲ್ಲ. ಇಂದು ನಿಮ್ಮ ಕೈಯಲ್ಲಿ ಪುಸ್ತಕವಿದೆ, ವಿಡಿಯೋ ಇದೆ. ಡೈನೋಸಾರನ್ನು ನೋಡಿದವರು ಯಾರೂ ಇಲ್ಲ, ಆದರೂ ಅದನ್ನು ಪ್ರೀತಿಸದ ಹುಡುಗರನ್ನು ನಾನು ಕಂಡಿಲ್ಲ.

ಇನ್ನರ್ಧ ಉತ್ತರ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಸಿಕ್ಕಿತು. ನವೆಂಬರಿನಲ್ಲಿ ನೆಂಟರ ಮನೆಯ ಮದುವೆಗೆ ಆ ಕಡೆ ಹೋದವರು ಶಿಶಿಲೇಶ್ವರ ದೇವಸ್ಥಾನಕ್ಕೂ ಹೋದೆವು. ಪಕ್ಕದಲ್ಲೇ ಕಪಿಲಾ ಹೊಳೆ. ಮೆಟ್ಟಿಲ ಮೇಲೆ ಕೂತು ಅಕ್ಕಿ ಕಾಳು ಹಾಕಿದರೆ ಕಪ್ಪು ಬೆನ್ನಿನ ದೊಡ್ಡ ದೊಡ್ಡ ಮೀನುಗಳು ಕಾಲ ಬುಡಕ್ಕೇ ಬರುತ್ತವೆ. ದೇವರ ಮೀನುಗಳು. ಅಲ್ಲಿ ಯಾರೂ ಅವುಗಳನ್ನು ಹಿಡಿಯುವುದಿಲ್ಲ. ಗೋಡೆ ಇಲ್ಲ, ಬಲೆ ಇಲ್ಲ. ಮನಸ್ಸಾದರೆ ಬರುತ್ತವೆ, ಬೇಡವೆನಿಸಿದರೆ ಹೊಳೆಯ ಆಳಕ್ಕೆ ಹೋಗುತ್ತವೆ. 1996ರಲ್ಲಿ ಯಾರೋ ಪಾಪಿಗಳು ಹೊಳೆಗೆ ವಿಷ ಹಾಕಿ ಸಾವಿರಾರು ಮೀನುಗಳು ಸತ್ತಿದ್ದವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. ಮೀನಿಗಾಗಿ ಜನ ಅತ್ತ ಊರು ಅದು. ಆ ಮೇಲೂ ಮೀನುಗಳು ಮೆಟ್ಟಿಲ ಬಳಿ ಬರುತ್ತಿವೆ.

ಪುಟ್ಟಿ ಬಹಳ ಹೊತ್ತು ನೀರನ್ನೇ ನೋಡುತ್ತ ಕೂತಳು. "ಅಜ್ಜಾ, ಇವು ಮನೆಗೆ ಹೋಗುತ್ತವಲ್ಲ?" ಎಂದಳು. ಅಬ್ಬಾ, ಏಪ್ರಿಲಿನ ಪ್ರಶ್ನೆಯನ್ನು ಹುಡುಗಿ ಇನ್ನೂ ಮರೆತಿಲ್ಲ! "ಹೂಂ, ಹೋಗುತ್ತವೆ" ಎಂದೆ. ಈ ಸಲ ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

ಈಗ ನಮ್ಮ ಕಡಲಿನ ಡಾಲ್ಫಿನ್ ವಿಷಯಕ್ಕೆ ಬರೋಣ. ನಮ್ಮೂರಿಗೆ ಹಿಂದೆ ಸೈಕಲಿನಲ್ಲಿ ಮೀನು ತರುತ್ತಿದ್ದ ಒಬ್ಬರು ಮೊಗವೀರ ಸ್ನೇಹಿತರು ನನಗಿದ್ದಾರೆ. ಮನೆ ಮಂಗಳೂರಿನ ಬೆಂಗ್ರೆಯಲ್ಲಿ. ದುಬೈಯ ಕಥೆ ಹೇಳಿದಾಗ ಅವರು ನಕ್ಕುಬಿಟ್ಟರು. "ಮಾಸ್ಟ್ರೇ, ಅದಕ್ಕೆ ವಿಮಾನ ಹತ್ತಬೇಕಿತ್ತಾ? ನಮ್ಮ ಅಳಿವೆ ಬಾಗಿಲಿಗೇ ಬರುತ್ತವಲ್ಲ!"

ಅಳಿವೆ ಎಂದರೆ ಹೊಳೆ ಕಡಲು ಸೇರುವ ಜಾಗ. ಬೆಂಗ್ರೆಯ ಅಳಿವೆಯಲ್ಲಿ ಎರಡು ಹೊಳೆಗಳು ಒಟ್ಟಾಗಿ ಕಡಲು ಸೇರುತ್ತವೆ. ಒಂದು ನೇತ್ರಾವತಿ. ಬೆಳ್ತಂಗಡಿಯ ಘಟ್ಟದಿಂದ ಇಳಿದು, ಧರ್ಮಸ್ಥಳ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ನಮ್ಮ ಬಂಟ್ವಾಳ, ಪಾಣೆಮಂಗಳೂರು, ತುಂಬೆ ದಾಟಿ ಬರುತ್ತದೆ. ಇನ್ನೊಂದು ಫಲ್ಗುಣಿ. ವೇಣೂರಿನ ಗೊಮ್ಮಟನ ಕಾಲ ಬುಡದಲ್ಲಿ ಹರಿದು, ಪೊಳಲಿ, ಗುರುಪುರ ದಾಟಿ ಬರುತ್ತದೆ. ಶಿಶಿಲದ ಕಪಿಲೆಯ ನೀರೂ ಕೊನೆಗೆ ನೇತ್ರಾವತಿಯ ಜೊತೆ ಅಲ್ಲಿಗೇ ಬರುವುದು. ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ಕಲೆಯುವಲ್ಲಿ ಮೀನು ಹೆಚ್ಚು. ಮೀನು ಇದ್ದಲ್ಲಿಗೆ ಡಾಲ್ಫಿನ್ ಬರುತ್ತದೆ.

ದಸರಾ ರಜೆಯಲ್ಲೇ, ಶಿಶಿಲಕ್ಕೆ ಹೋಗುವುದಕ್ಕೂ ಮೊದಲು, ಪುಟ್ಟಿಯನ್ನು ಕರೆದುಕೊಂಡು ಬೆಂಗ್ರೆಗೆ ಹೋಗಿದ್ದೆ. ಬೆಳಗ್ಗೆ ಬೇಗ ಹೊರಟು, ಬಂದರಿನಿಂದ ದೋಣಿ ದಾಟಿ, ಮರಳಿನ ಮೇಲೆ ಮೂರು ಗಂಟೆ ಕೂತೆವು. ಏನೂ ಕಾಣಲಿಲ್ಲ. ಬಿಸಿಲು ಏರಿತು, ತಂದ ಅವಲಕ್ಕಿ ಮುಗಿಯಿತು, ಪುಟ್ಟಿಗೆ ಅಳು ಬಂತು. "ಅಲ್ಲಿ ಆರು ಗಂಟೆಗೆ ಅಂದರೆ ಆರು ಗಂಟೆಗೇ ಬಂದಿತ್ತು" ಎಂದಳು. ಸ್ನೇಹಿತರು ಅವಳ ತಲೆ ಸವರಿ, "ಅದಕ್ಕೆ ಇವತ್ತು ಬೇರೆ ಕೆಲಸ ಇರಬಹುದು ಮಗಾ" ಎಂದರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಕೊಳದ ಡಾಲ್ಫಿನ್‌ಗೆ ಬೇರೆ ಕೆಲಸ ಇರುವಂತಿಲ್ಲ.

ಜನವರಿಯ ಒಂದು ಭಾನುವಾರ ಮತ್ತೆ ಹೋದೆವು. ಈ ಸಲ ಲೈಫ್ ಜಾಕೆಟ್ ಹಾಕಿಸಿ ತಮ್ಮ ದೋಣಿಯಲ್ಲೇ ಕೂರಿಸಿಕೊಂಡರು. ಕಡಲು ಎಣ್ಣೆ ಹೊಯ್ದ ಹಾಗೆ ಶಾಂತವಾಗಿತ್ತು. ಅಳಿವೆಯ ಹತ್ತಿರ ಹಕ್ಕಿಗಳು ನೀರಿಗೆ ಎರಗುತ್ತಿದ್ದವು. ಅದನ್ನು ನೋಡಿ ಅವರು ಎಂಜಿನ್ ಬಂದ್ ಮಾಡಿದರು. "ಇನ್ನೂ ಹತ್ತಿರ ಹೋಗೋಣ ಮಾರಾಯ್ರೇ" ಎಂದೆ. "ಬೇಡ ಮಾಸ್ಟ್ರೇ. ನಾವು ಅಟ್ಟಿಸಿಕೊಂಡು ಹೋದರೆ ಅದು ಊಟ ಬಿಟ್ಟು ಓಡುತ್ತದೆ. ಬರುವುದಾದರೆ ಅದೇ ಬರಲಿ."

ಸ್ವಲ್ಪ ಹೊತ್ತಿಗೆ ‘ಪುಸ್ಸ್’ ಎಂದು ಒಂದು ಸದ್ದು. ಕುಕ್ಕರಿನ ವಿಸಿಲ್ ಶುರುವಾಗುವ ಮೊದಲು ಬರುವಂಥದ್ದು. ತಿರುಗಿ ನೋಡಿದರೆ ಬೂದಿ ಬಣ್ಣದ ಒಂದು ಬೆನ್ನು. ನಡುವೆ ಗೂನು, ಗೂನಿನ ಮೇಲೆ ಪುಟ್ಟ ರೆಕ್ಕೆ. ನಿಧಾನವಾಗಿ ಮೇಲೆದ್ದು ಬಾಗಿ ನೀರಿಗಿಳಿಯಿತು. ಅದರ ಹಿಂದೆ ಇನ್ನೊಂದು. ಅದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ಬೆನ್ನು. ಮರಿ! ಬಳೆ ಇಲ್ಲ, ಚೆಂಡು ಇಲ್ಲ, ಹಾಡು ಇಲ್ಲ. ಒಟ್ಟು ಐದಾರು ಸಲ ಕಂಡವು, ಅಷ್ಟೆ. ಸೆಕೆಂಡಿನ ಲೆಕ್ಕ ಹಾಕಿದರೆ ಅರ್ಧ ನಿಮಿಷವೂ ಆಗಲಿಕ್ಕಿಲ್ಲ.

ನಾನು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಪುಟ್ಟಿ ನನ್ನ ಕೈ ಹಿಡಿದು, ಬಾಯಿಯ ಮೇಲೆ ಬೆರಳಿಟ್ಟಳು. ಅವು ಪಶ್ಚಿಮಕ್ಕೆ ತಿರುಗಿ ಮರೆಯಾದ ಮೇಲೆ ಪಿಸುಗುಟ್ಟಿದಳು: "ಅಜ್ಜಾ, ಮನೆಗೆ ಹೋದವು. ಅಮ್ಮನೂ ಇದ್ದಳು."

ಅಲ್ಲಿಯೇ, ದೋಣಿಯಲ್ಲೇ, ನಾನು ಅವಳಿಗೆ ಹೇಳಿದೆ: "ಮಗಾ, ದುಬೈಯಲ್ಲಿ ನಾನು ಹೇಳಿದ್ದು ಸುಳ್ಳು. ಆ ಕೊಳ ಅದರ ಮನೆ ಅಲ್ಲ. ಅದರ ಅಮ್ಮ ಎಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ." "ನನಗೆ ಅವತ್ತೇ ಗೊತ್ತಿತ್ತು" ಎಂದಳು ಪುಟ್ಟಿ. ಸ್ನೇಹಿತರು ಮುಖ ತಿರುಗಿಸಿ ನಕ್ಕರು.

ನಾವು ಕಂಡದ್ದು ಗೂನು ಬೆನ್ನಿನ ಡಾಲ್ಫಿನ್. ಆಳ ಕಡಲಿಗೆ ಹೋಗದೆ ದಡದ ಹತ್ತಿರ, ಅಳಿವೆಗಳ ಸುತ್ತ ಬದುಕುವ ಜಾತಿ. ಕಾರವಾರದ ಕಾಳಿ ನದಿಯ ಅಳಿವೆಯ ಕಡೆಯೂ ಇದನ್ನು ನೋಡಬಹುದು. ನಮ್ಮ ಕರಾವಳಿಯಲ್ಲಿ ಇದರ ಇನ್ನೊಬ್ಬ ನೆಂಟನಿದ್ದಾನೆ, ಕಡಲಹಂದಿ. ಇಂಗ್ಲಿಷಿನ ‘ಪಾರ್ಪಸ್’ ಎಂಬ ಹೆಸರೂ ಲ್ಯಾಟಿನ್ನಿನ ‘ಹಂದಿಮೀನು’ ಎಂಬ ಮಾತಿನಿಂದಲೇ ಬಂದದ್ದು. ಡಾಲ್ಫಿನ್‌ಗೆ ಉದ್ದ ಮೂತಿ, ಚೂಪು ಹಲ್ಲು. ಕಡಲಹಂದಿಗೆ ಉರುಟು ಮುಖ, ಸಲಿಕೆಯ ಆಕಾರದ ಹಲ್ಲು. ನಮ್ಮಲ್ಲಿರುವ ಜಾತಿಗೆ ಬೆನ್ನಿನ ರೆಕ್ಕೆಯೇ ಇಲ್ಲ. ಉದ್ದ ಸುಮಾರು ಒಂದೂವರೆ ಮೀಟರ್. ಬಹಳ ನಾಚಿಕೆಯ ಪ್ರಾಣಿ, ಹಾರುವುದಿಲ್ಲ, ಕುಣಿಯುವುದಿಲ್ಲ. ಮೀನಿನ ಬಲೆಗೆ ಸಿಕ್ಕಿದರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಎರಡೂ ಇವೆ. ಗೂನು ಬೆನ್ನಿನ ಡಾಲ್ಫಿನ್‌ನ ಸ್ಥಿತಿ ಹೆಚ್ಚು ಕಷ್ಟದ್ದು. ನಮ್ಮ ಕಾನೂನಿನಲ್ಲಿ ಇವುಗಳನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಹಾಗಾದರೆ ಕಡಲಿನಲ್ಲಿದ್ದರೆ ಎಲ್ಲ ಸುಖವೇ? ಇಲ್ಲ. ಮಗ ಹೇಳಿದ ಹಾಗೆ ಬಲೆಯ ಭಯವಿದೆ, ಹೊಟ್ಟೆಗೆ ಸಿಗದ ದಿನಗಳಿವೆ. ಪ್ರವಾಸಿಗರ ದೋಣಿಗಳು ಸುತ್ತುವರಿದು ಅಟ್ಟಾಡಿಸಿದರೆ ಕಡಲೂ ಒಂದು ಸರ್ಕಸ್ಸೇ ಆಗುತ್ತದೆ. ಆದ್ದರಿಂದ ನೀವು ದೋಣಿಯಲ್ಲಿ ಹೋದರೆ ಹತ್ತಿರ ಹೋಗಲು ಹಟ ಮಾಡಬೇಡಿ, ಕೂಗಬೇಡಿ, ತಿಂಡಿ ಎಸೆಯಬೇಡಿ. ಕಾಣದಿದ್ದರೆ ಅವುಗಳಿಗೆ ಬೇರೆ ಕೆಲಸವಿದೆ ಎಂದು ತಿಳಿದು ವಾಪಸ್ ಬನ್ನಿ.

ಇನ್ನೊಂದು ಮಾತು. ವಾಪಸ್ ಬರುವಾಗ ಬಸ್ಸು ಪಾಣೆಮಂಗಳೂರು ಹತ್ತಿರ ಬಂದಿತ್ತು. ಮುಂದಿನ ಸೀಟಿನ ಹುಡುಗನೊಬ್ಬ ಚಿಪ್ಸ್ ತಿಂದು ಪ್ಲಾಸ್ಟಿಕ್ ತೊಟ್ಟೆಯನ್ನು ಕಿಟಕಿಯಿಂದ ಹೊರಗೆ ಹಿಡಿದಿದ್ದ. ಪುಟ್ಟಿ ಎದ್ದು ಅವನ ಭುಜ ತಟ್ಟಿ, "ಅಣ್ಣಾ, ಬಿಸಾಡಬೇಡ. ಅದು ಹೊಳೆಯಲ್ಲಿ ಹೋಗಿ ಡಾಲ್ಫಿನ್ ಮನೆಗೆ ಬೀಳುತ್ತದೆ" ಎಂದಳು. ಹುಡುಗ ತಬ್ಬಿಬ್ಬಾಗಿ ತೊಟ್ಟೆಯನ್ನು ಜೇಬಿಗೆ ತುರುಕಿಕೊಂಡ. ಮಗನ ಪ್ರಶ್ನೆಗೆ ಪೂರ್ತಿ ಉತ್ತರ ನನಗೆ ಆ ಬಸ್ಸಿನಲ್ಲಿ ಸಿಕ್ಕಿತು. ಅದೇ ರಾತ್ರಿ ಫೋನು ಮಾಡಿ ಅವನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ರಜೆಗೆ ಬಂದಾಗ ನನ್ನನ್ನೂ ಬೆಂಗ್ರೆಗೆ ಕರೆದುಕೊಂಡು ಹೋಗಿ ಅಪ್ಪ" ಎಂದ.

ಅಜ್ಜ-ಅಜ್ಜಿಯರೇ, ಪುಳ್ಳಿಗಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಒಟ್ಟಿಗೆ ಹುಡುಕೋಣ" ಎನ್ನಿ. ನನ್ನ ಹಾಗೆ ಡಾಲ್ಫಿನ್ ಅಮ್ಮನನ್ನು ಅಡುಗೆಮನೆಗೆ ಕಳಿಸಬೇಡಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯ ಹತ್ತಿರದ ತೋಡು ಯಾವ ಹೊಳೆ ಸೇರುತ್ತದೆ, ಆ ಹೊಳೆ ಎಲ್ಲಿ ಕಡಲು ಸೇರುತ್ತದೆ ಎಂದು ಮನೆಯ ಹಿರಿಯರಲ್ಲಿ ಕೇಳಿ ಒಂದು ಚಿತ್ರ ಬರೆಯಿರಿ. ಅಳಿವೆ ಬಾಗಿಲಿನಲ್ಲಿ ಒಂದು ಸಣ್ಣ ಗೂನು ಬೆನ್ನು ಬರೆಯಲು ಮರೆಯಬೇಡಿ.